ಬಾಚಣಿಗೆಯ ಚಿತ್ರ

ನಮ್ಮ ಮನೆಯಲ್ಲಿ ಕೆಲವು ಮಾತು ಆಡುವುದಿಲ್ಲ. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ದೋಣಿಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು. ಬೇಡ, ನೋವು ಎಂಬ ಮಾತು ಬೆಳಗಿನ ಹೊತ್ತು ಕಿವಿಗೆ ಬಿದ್ದರೆ ನನ್ನ ಅಪ್ಪ ಬಲೆ ಕೆಳಗಿಟ್ಟು ಮನೆಯಲ್ಲೇ ಕೂತುಬಿಡುತ್ತಿದ್ದ. ನಾನು ಮೊಬೈಲಿನಲ್ಲಿ ಹವಾಮಾನ ನೋಡಿ ಸಮುದ್ರಕ್ಕೆ ಇಳಿಯುವವನು. ಆದರೂ ಈ ವಿಷಯದಲ್ಲಿ ಅಪ್ಪನ ಮಗನೇ.

ನನ್ನ ಮಗಳು ದೀಕ್ಷಾಳಿಗೆ ಎಂಟು ವರ್ಷ. ಕಿವಿ ಕೇಳುತ್ತಿತ್ತು, ಮಾತು ಮಾತ್ರ ಬರಲಿಲ್ಲ. ಇಂಥ ಮಕ್ಕಳಿಗೆ ಮನೆಗೇ ಬಂದು ಕಲಿಸುವ ವಿನುತಾ ಅಕ್ಕೋರು ಕುಮಟಾದಿಂದ ವಾರಕ್ಕೊಮ್ಮೆ ಹೊನ್ನಾವರದ ನಮ್ಮ ಕೇರಿಗೆ ಬರುತ್ತಾರೆ. ಕಳೆದ ಮಳೆಗಾಲ ಮುಗಿದ ಮೇಲೆ ಅವರು ಒಂದು ಟ್ಯಾಬ್ ತಂದುಕೊಟ್ಟರು. ಅದರ ತುಂಬ ಚಿತ್ರಗಳು. ಒತ್ತಿದರೆ ಚಿತ್ರ ಮಾತಾಡುತ್ತದೆ. ಮನೆಯವರ ದನಿಯೇ ಇದ್ದರೆ ಮಗು ಬೇಗ ಕಲಿಯುತ್ತದೆ ಎಂದು ನನ್ನಿಂದಲೇ ಹೇಳಿಸಿದರು. ಅಪ್ಪ, ಅಮ್ಮ, ನೀರು, ಗಂಜಿ, ದೋಣಿ, ತಲೆ ಬಾಚು. ಮದುವೆ ಮನೆಯಲ್ಲಿ ಮೈಕ್ ಸಿಕ್ಕವನ ಹಾಗೆ ಗಂಟಲು ಸರಿಮಾಡಿಕೊಂಡು ಹೇಳಿದೆ.

ಕೊನೆಗೆ ಅಕ್ಕೋರು ಇನ್ನೆರಡು ಚಿತ್ರ ತೋರಿಸಿದರು. ಒಂದು ‘ಬೇಡ’, ಇನ್ನೊಂದು ‘ನೋವು’.

“ಅದೆರಡು ಬಿಡಿ ಅಕ್ಕೋರೆ. ದೋಣಿಗೆ ಹೋಗೋ ಮನೆ ಇದು. ನಾ ಹೊರಡೂ ಹೊತ್ತಿಗೆ ಮಗು ಅದನ್ನೇ ಒತ್ತಿದ್ರೆ ಎಂತ ಮಾಡೂದು? ಅದೂ ನನ್ನ ದನೀಲೇ.”

“ಮೊದ್ಲು ಬೇಕಾದ್ದೇ ಅದೆರಡು, ವಿನೋದಣ್ಣ. ಉಳಿದದ್ದೆಲ್ಲ ಅವಳು ಕೇಳದೇ ಇದ್ರೂ ನೀವು ಕೊಡ್ತೀರಿ.”

“ಆತು, ಮುಂದೆ ನೋಡುವ,” ಎಂದೆ. ಅವರು ಮೂರು ವಾರ ಕೇಳಿದರು. ಮೂರು ವಾರವೂ ನಕ್ಕು, ಚಾ ಕೊಟ್ಟು ಕಳಿಸಿದೆ.

ದೀಕ್ಷಾ ಬೇಗ ಕಲಿತಳು. ನಾನು ಸಮುದ್ರದಿಂದ ಬಂದರೆ ಸಾಕು, ‘ಅಪ್ಪ’, ‘ದೋಣಿ’ ಎಂದು ಒತ್ತುತ್ತಿದ್ದಳು. ನನ್ನ ಮಗಳು ಮಾತಾಡುತ್ತಾಳೆ ಎಂದು ಬಂದರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಅಷ್ಟು ಖುಷಿ ನನಗೆ ಹಿಂದೆ ಆಗಿರಲಿಲ್ಲ.

ಜನವರಿಯ ಒಂದು ಸೋಮವಾರ ಅವಳು ‘ತಲೆ ಬಾಚು’ ಒತ್ತಿದಳು. ಬಾಚಣಿಗೆ ಹಿಡಿದು ನನ್ನ ಹೆಂಡತಿ ಬೆಳ್ಳಿ ಕೂತಳು. ಬಾಚಣಿಗೆ ತಾಗಿದ್ದೇ ಮಗು ಕಿರುಚಿಕೊಂಡು ಓಡಿತು. ಸ್ವಲ್ಪ ಹೊತ್ತಿಗೆ ಮತ್ತೆ ‘ತಲೆ ಬಾಚು’. ಮರುದಿನವೂ ಅದೇ.

“ಇದಕ್ಕೆ ಎಂತ ಆಗಿದೆ? ಬಾಚಿದ್ರೆ ಕೂಗ್ತದೆ, ಬಿಟ್ರೆ ಮತ್ತೆ ಅದನ್ನೇ ಒತ್ತತದೆ,” ಎಂದಳು ಬೆಳ್ಳಿ.

“ಹಟ. ಹೊಸ ಆಟ ಕಲ್ತದೆ,” ಎಂದೆ. ಮೂರನೆಯ ದಿನ ‘ತಲೆ ಬಾಚು’ ಕೇಳಿ ಕೇಳಿ ತಲೆಕೆಟ್ಟು, ಟ್ಯಾಬ್ ಕಸಿದು ಕಪಾಟಿನ ಮೇಲಿಟ್ಟೆ. ಅವಳು ಕಪಾಟಿನ ಕೆಳಗೆ ಕೂತು ಅತ್ತಳು. ಅಳುವುದು ಅವಳಿಗೆ ಹೊಸದಲ್ಲ, ಹಾಗಾಗಿ ನಮಗೂ ಹೊಸದೆನಿಸಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ದಿಂಬಿನ ಮೇಲೆ ಕೀವು ಇತ್ತು.

ಕುಮಟಾದ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ತಮಟೆ ಒಡೆದಿದೆ, ಬಲಗಿವಿ ಮೊದಲಿನ ಹಾಗೆ ಕೇಳುವುದು ಕಷ್ಟ ಎಂದರು. “ಇಷ್ಟು ದಿನ ಮಗು ಏನೂ ಹೇಳಲಿಲ್ಲವಾ?” ಎಂದು ಕೇಳಿದರು. ಬೆಳ್ಳಿ ನನ್ನ ಮುಖ ನೋಡಿದಳು.

ಮನೆಗೆ ಬಂದು ಟ್ಯಾಬ್ ಇಳಿಸಿದೆ. ಬಾಚಣಿಗೆಯ ಚಿತ್ರವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಪಕ್ಕಕ್ಕೆ ತಿರುಗಿದ ಒಂದು ಹುಡುಗಿಯ ತಲೆ, ಕಿವಿಯ ಮೇಲೆಯೇ ಹಿಡಿದ ಬಾಚಣಿಗೆ. ಉಳಿದ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಬೇರೆ ಯಾವುದರಲ್ಲೂ ಕಿವಿ ಇರಲಿಲ್ಲ. ಇದ್ದ ಮಾತಿನಲ್ಲೇ ಮಗು ಮೂರು ದಿನ ಹೇಳಿತ್ತು, ನನ್ನ ದನಿಯಲ್ಲೇ ನನಗೆ ಹೇಳಿತ್ತು.

ಅಕ್ಕೋರನ್ನು ಕರೆಸಿ ಆ ಎರಡು ಮಾತು ಸೇರಿಸಿದೆ. ‘ನೋವು’ ಎಂದದ್ದು ತೀರ ಮೆಲ್ಲಗಾಯಿತು. ಇನ್ನೊಮ್ಮೆ ಹೇಳಲೇ ಎಂದೆ. ಇರಲಿ ಬಿಡಿ ಎಂದರು. ಅವರು ಒಂದು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ತಿಂಗಳ ಮೇಲೆ ಒಂದು ಬೆಳಗಿನ ಜಾವ, ದೋಣಿಗೆ ಹೊರಡುವ ಮೊದಲು ಅವಳ ತಲೆ ಸವರಲು ಬಗ್ಗಿದೆ. ನನ್ನ ಕೈ ಬಲಗಿವಿಯ ಹತ್ತಿರ ಬಂದಾಗ ಅವಳು ಟ್ಯಾಬ್ ಎಳೆದುಕೊಂಡು ಒತ್ತಿದಳು. “ಬೇಡ.”

ನನ್ನದೇ ದನಿ. ಕೈ ಹಿಂದಕ್ಕೆ ತೆಗೆದುಕೊಂಡೆ. ಬೆಳ್ಳಿ ಬಾಗಿಲಲ್ಲಿ ನಿಂತು, ನಾನು ಬಲೆ ಕೆಳಗಿಡುತ್ತೇನೋ ಎಂದು ನೋಡುತ್ತಿದ್ದಳು. ನಾನು ಬಲೆ ಹೆಗಲಿಗೇರಿಸಿ ಹೊರಟೆ.

ಆ ದಿನ ಬಲೆ ತುಂಬ ಬಂಗಡೆ ಬಿತ್ತು. ಒಂದೂ ಬೀಳದಿದ್ದರೆ ಒಳ್ಳೆಯದಿತ್ತು, ಆ ಮಾತಿಗೆ ಹೆದರಿದ್ದಕ್ಕೆ ಒಂದು ನೆವವಾದರೂ ಇರುತ್ತಿತ್ತು.