ಚೆಲ್ಲಿದವರೇ ಗುಡಿಸಬೇಕು

ಸುಶೀಲಕುಮಾರ ಭಾಲ್ಕಿಯ ದನದ ದವಾಖಾನೆಯ ಕೆಲಸ ಮುಗಿಸಿ ಬೀದರಿನ ಚಿದ್ರಿಯ ಮನೆಗೆ ಬಂದಾಗ, ಮೊನ್ನೆಯಷ್ಟೇ ಊರು ಚಿಂತಾಕಿಯಿಂದ ಬಂದಿದ್ದ ಅವ್ವ ಶೇವಂತಾಬಾಯಿ ಬಾಗಿಲಲ್ಲೇ ಕೂತಿದ್ದಳು. ತೊಡೆಯ ಮೇಲೆ ಮೊಮ್ಮಗಳು ಮಹಾಮಾಯಾ. ನಾಲ್ಕೂವರೆ ವರ್ಷದ ಆ ಪೋರಿ ಒಳ್ಳೆ ಖುಷಿಯಲ್ಲಿತ್ತು. ಅವ್ವನ ಮುಖ ಮಾತ್ರ ರೊಟ್ಟಿಯ ಹಂಚಿನಂತೆ ಕಾದಿತ್ತು.

"ನಾಳಿಂದ ಇಕಿ ಆ ಸಾಲಿಗಿ ಹೋಗಂಗಿಲ್ಲ."

"ಯಾಕವ್ವಾ, ಏನಾತು?"

"ಕರ್ಕೊಂಡು ಬರ್ಲಾಕ ಹೋಗಿದ್ದೆ. ಕಿಡಕ್ಯಾಗಿಂದ ನೋಡ್ತೇನಿ, ನನ್ನ ಮೊಮ್ಮಗಳ ಕೈಯಾಗ ಕಸಬರಿಗಿ! ರೊಕ್ಕಾ ಕೊಟ್ಟು ಕಸಾ ಹೊಡಸ್ಲಾಕತ್ತಿ ಏನೋ ಸುಶೀಲ್ಯಾ?"

ಅವ್ವ ತನ್ನ ತವರೂರಿನಲ್ಲಿ ಒಂದೇ ಒಂದು ವರ್ಷ ಶಾಲೆಗೆ ಹೋದವಳು. ಉಳಿದ ಮಕ್ಕಳು ಪಾಟಿ ಹಿಡಿದು ಒಳಗೆ ಕೂತರೆ, ಇವರ ಓಣಿಯ ಮಕ್ಕಳು ಅಂಗಳ ಗುಡಿಸಿ ಹೊರಗೆ ಕೂರಬೇಕಿತ್ತು. ವರ್ಷ ಮುಗಿದರೂ ಅವಳ ಕೈಗೆ ಬಂದದ್ದು ಕಸಬರಿಗೆಯೊಂದೇ. ಇದನ್ನೆಲ್ಲ ಸುಶೀಲ ಚಿಕ್ಕಂದಿನಿಂದ ಕೇಳಿ ಬಲ್ಲ. ಬಲ್ಲವನಾಗಿಯೂ, ಹೊಸ ಶಾಲೆಯಲ್ಲಿ ಕಸ ಗುಡಿಸುವುದೂ ಒಂದು ಪಾಠ ಎಂದು ಅವಳಿಗೆ ಹೇಳಲು ಮರೆತಿದ್ದ. ಓದಿದ ಮಗನ ಬುದ್ಧಿ ಇಷ್ಟೇ ನೋಡಿ!

ಆ ಮಾಂಟೆಸರಿ ಶಾಲೆಯನ್ನು ಅವನು ಬೀದರೆಲ್ಲ ತಿರುಗಿ ಆರಿಸಿದ್ದ. ಛಡಿ ಏಟು ತಿಂದೇ ಅಕ್ಷರ ಕಲಿತವನು ಅವನು. ಅಲ್ಲಿ ಒಂದು ಮಗು ಅರ್ಧ ತಾಸು ಅಂಗಿಯ ಒಂದೇ ಗುಂಡಿ ಹಾಕುತ್ತ ಕೂತಿದ್ದರೂ ಯಾರೂ "ಲಗೂನ" ಎಂದು ಅವಸರಿಸದ್ದು ಕಂಡು ಅವನ ಕಣ್ಣು ತುಂಬಿದ್ದವು. "ಗುಂಡಿ ಹಾಕ್ಲಾಕ ಫೀಸೇನೋ?" ಎಂದು ದವಾಖಾನೆಯ ಗೆಳೆಯರು ನಕ್ಕಿದ್ದರು. ನಗಲಿ. ಆದರೆ ಅವ್ವನ ಮನಸ್ಸು ನೋಯಿಸುವ ಶಾಲೆ ಅವನಿಗೂ ಬೇಡ.

"ನಾಳಿ ಒಂದಿನ ನನ್ನ ಜೋಡಿ ಬಂದು ಕೂತು ನೋಡವ್ವಾ. ಆಮ್ಯಾಗ ನೀ ಬ್ಯಾಡಂದ್ರ ಬ್ಯಾಡ," ಎಂದ.

ಮರುದಿನ ಶಾಲೆಯಲ್ಲಿ ತಸ್ಲೀಮ ಟೀಚರ್ ಇಬ್ಬರಿಗೂ ಪುಟ್ಟ ಮಣೆ ಕೊಟ್ಟರು. ಶೇವಂತಾಬಾಯಿ ಬಾಗಿಲ ಬಳಿಯೇ ಕೂತಳು. ಎಷ್ಟು ಕರೆದರೂ ಒಳಗೆ ಸರಿಯಲಿಲ್ಲ. ಎದುರಿಗೆ ಒಬ್ಬ ಹುಡುಗ ಬಟ್ಟಲಿಂದ ಬಟ್ಟಲಿಗೆ ಸುರಿಯುವಾಗ ಬೇಳೆ ಚೆಲ್ಲಿಕೊಂಡು ತಾನೇ ಗುಡಿಸುತ್ತಿದ್ದ.

"ಇಂವ ಯಾರ ಮಗರೀ?" ಅವಳ ದನಿಯಲ್ಲಿ ಜಗಳವಿತ್ತು.

"ನನ್ನ ಮಗಾನೇರಿ, ಅಖೀಲ," ಟೀಚರ್ ನಕ್ಕರು. "ಇಲ್ಲಿ ಯಾರು ಚೆಲ್ತಾರ ಅವ್ರೇ ಕಸಾ ಹೊಡಿಬೇಕ್ರಿ. ನಾ ಚೆಲ್ಲಿದ್ರ ನಾನೂ."

ಶೇವಂತಾಬಾಯಿ "ಹ್ಞೂಂ" ಎಂದಳು. ಆ ಹ್ಞೂಂ ಇನ್ನೂ ಒಪ್ಪಿಗೆಯಾಗಿಲ್ಲ ಎಂಬುದು ಮಗನಿಗೆ ಗೊತ್ತಿತ್ತು.

ಅಷ್ಟರಲ್ಲಿ ಮಹಾಮಾಯಾ ರವೆ ಹರಡಿದ ತಟ್ಟೆ ಹಿಡಿದು ಬಂದಳು. "ಆಯಿ, ಇಲ್ಲಿ ಬಾ," ಎಂದು ಅಜ್ಜಿಯ ಸೆರಗು ಜಗ್ಗಿ, ಕೋಣೆಯ ನಟ್ಟನಡುವಿನ ಚಾಪೆಯ ಮೇಲೆ ಕೂರಿಸಿದಳು. ಅವಳ ತೋರುಬೆರಳು ಹಿಡಿದು ರವೆಯಲ್ಲಿ ತಿದ್ದಿಸಿದಳು.

"ಇದು 'ಮ'. ನನ್ನ ಹೆಸರಿಂದು. ಈಗ ನೀ ಒಬ್ಬಾಕೆ ಬರಿ."

ಮೊದಲ ಸಲ ಸೊಟ್ಟಗೆ ಬಂತು, ಎರಡನೆಯ ಸಲ ಇನ್ನೂ ಸೊಟ್ಟಗೆ. ಮೂರನೆಯ ಸಲ ಮೊಳಕೈ ತಾಗಿ ತಟ್ಟೆ ವಾಲಿ ಅರ್ಧ ರವೆ ಚೆಲ್ಲಿತು.

ಅಖೀಲ ಓಡಿಬಂದ. ಪುಟ್ಟ ಕಸಬರಿಗೆಯನ್ನು ಶೇವಂತಾಬಾಯಿಯ ಮುಂದೆ ಹಿಡಿದು, "ಆಯಿ, ನೀವು ಚೆಲ್ಲೀರಿ," ಎಂದ.

ಸುಶೀಲ ತಡೆಯಲು ಏಳಬೇಕೆನ್ನುವಷ್ಟರಲ್ಲಿ ಅವ್ವನ ಕೈ, ಹಳೆಯ ರೂಢಿಯಂತೆ, ತಾನಾಗಿಯೇ ಕಸಬರಿಗೆಯತ್ತ ಹೋಯಿತು.

ಮಹಾಮಾಯಾ ಅದನ್ನು ನಡುವೆಯೇ ಕಸಿದುಕೊಂಡಳು.

"ಆಯಿದು ಬರಿಯೋದು ಇನ್ನಾ ಮುಗಿದಿಲ್ಲ," ಎಂದು ಅಖೀಲನನ್ನು ಗದರಿಸಿ, ಅಜ್ಜಿಯತ್ತ ತಿರುಗಿದಳು. "ನೀ ಬರಿ ಆಯಿ. ಕಸಾ ನಾ ಹೊಡಿತೇನಿ."

ಶೇವಂತಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಟ್ಟೆಯಲ್ಲಿ ಉಳಿದ ರವೆಯನ್ನು ಅಂಗೈಯಿಂದ ಸಮ ಮಾಡಿಕೊಂಡಳು.

"ಸುಶೀಲ್ಯಾ," ಎಂದಳು ತಲೆ ಎತ್ತದೆ, "ನೀ ನಡಿ, ಡ್ಯೂಟಿಗಿ ಹೊತ್ತಾತು. ನಾ ಸಾಲಿ ಬಿಟ್ಟಮ್ಯಾಗ ಬರ್ತೇನಿ."