ಕಾಸರಕದ ನಾಲಿಗೆ

ಕಾಸರಕದ ಬೀಜ ಅಂಗಿಯ ಗುಂಡಿಯಷ್ಟು ದುಂಡಗೆ, ಮುಟ್ಟಿದರೆ ರೇಷ್ಮೆಯಂತೆ ನುಣುಪು. ಹಾಗೇ ತಿಂದರೆ ಆಳನ್ನು ಬಿಲ್ಲಿನಂತೆ ಬಗ್ಗಿಸಿ ಕೊಲ್ಲುತ್ತದೆ. ಹದ ಮಾಡಿದರೆ ಬಿದ್ದ ಕೈಕಾಲನ್ನು ಎಬ್ಬಿಸುತ್ತದೆಂಬುದು ವೈದ್ಯ ನರಸಿಂಹರಾಯರ ನಂಬಿಕೆ. ಕಾಚಿಗುಡಾದ ಆ ಮನೆಯಲ್ಲಿ ಹದದ ಕೆಲಸ ಹೆಂಡತಿ ಕೃಷ್ಣಾಬಾಯಿಯದು. ಗೋಮೂತ್ರದಲ್ಲಿ ನೆನೆಹಾಕಿ, ಸಿಪ್ಪೆ ಸುಲಿದು, ಎರಡು ಹೋಳಿನ ನಡುವೆ ಅಡಗಿದ ಮೊಳಕೆಯನ್ನು ಕಿತ್ತು ತಾಟಿನಲ್ಲಿಡಬೇಕು. ಅದಕ್ಕೆ ನಾಲಿಗೆ ಎನ್ನುತ್ತಾರೆ. ವಿಷವೆಲ್ಲ ಅಲ್ಲೇ ಎಂಬುದು ಮನೆತನದ ಮಾತು. ಆಮೇಲೆ ಹಾಲಿನಲ್ಲಿ ಬೇಯಿಸಿ, ಆ ಹಾಲನ್ನೂ ನಾಲಿಗೆಗಳನ್ನೂ ನಾಯಿ ಬೆಕ್ಕು ಮುಟ್ಟದಂತೆ ಬೇವಿನ ಬುಡದಲ್ಲಿ ಹೂಳಬೇಕು.

ಕುಟ್ಟುವ ಮುನ್ನ ರಾಯರು ಪಡಸಾಲೆಯಿಂದ ಕೂಗುತ್ತಿದ್ದರು: “ನಾಲಿಗಿ ತಗದಿ ಏನ?”

“ತಗದೀನ್ರಿ,” ಎಂದ ಮೇಲೆಯೇ ಅವಳು ಕುಟ್ಟಾಣಿಗೆ ಕೈ ಹಾಕುವುದು.

ರಾಯರು ತೀರಿಕೊಂಡ ಮೇಲೂ ಆ ಕೂಗು ನಿಲ್ಲಲಿಲ್ಲ. ಕೃಷ್ಣಾಬಾಯಿ ಯಾರಿಗೂ ಹೇಳಲಿಲ್ಲ. ಉತ್ತರ ಕೊಟ್ಟು ಕುಟ್ಟುತ್ತಿದ್ದಳು.

ಕೃಷ್ಣಾಬಾಯಿಯ ಅಕ್ಕ ಮಂದಾಕಿನಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಹೋದಾಗ, ಅವಳ ಮಗಳು ಶಾಮಲಾ ತಾಯಿಯನ್ನು ರಾಯಚೂರಿನಿಂದ ಈ ಮನೆಗೆ ಕರೆತಂದು ಒಳಕೋಣೆಯಲ್ಲಿ ಮಲಗಿಸಿದಳು. ಊರಲ್ಲಿ ಕರ್ಫ್ಯೂ. ಪೊಲೀಸ್ ಜೀಪಿನ ಮೈಕು ಗಲ್ಲಿಯಲ್ಲಿ ಅರಚುತ್ತಿದ್ದಾಗ, ಆ ಗದ್ದಲದಲ್ಲೇ ಕೃಷ್ಣಾಬಾಯಿ ಕೂಗಿಗೆ ಕಾಯದೆ ಅಕ್ಕನ ಔಷಧ ಕುಟ್ಟಿ ಮುಗಿಸಿದ್ದಳು. ಗುಳಿಗೆ ಕಟ್ಟುವ ಹೊತ್ತಿಗೆ ಕೂಗು ಬಂತು.

ಬೆರಳು ನಿಂತವು. ತಾಟು ಬರಿದಾಗಿತ್ತು. ಹಾಲಿನ ಜತೆ ಹೂತೆನೋ, ಕೀಳಲೇ ಇಲ್ಲವೋ, ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಎದ್ದು ಗುಳಿಗೆಗಳನ್ನೆಲ್ಲ ಬೇವಿನ ಬುಡಕ್ಕೆ ಒಯ್ದಳು.

“ಮೌಶಿ, ಹುಚ್ಚ ಹಿಡದದೇನ?” ಶಾಮಲಾ ಚಿಕ್ಕಮ್ಮನ ಹಿಂದೆಯೇ ಓಡಿಬಂದಳು. “ಅಲ್ಲೆ ಅವ್ವ ಬಾಯಿ ತಗದು ಕಾಯ್ಲಿಕ್ಕತ್ತಾಳ, ಇಲ್ಲೆ ನೀ ಗಿಡಕ್ಕ ಔಷಧ ಕೊಡ್ತಿ!”

“ನಿಮ್ಮ ಕಾಕಾ ಕೇಳಿದ್ರು. ನನ್ನ ಕಡೆ ಉತ್ತರ ಇರಲಿಲ್ಲ.”

“ಸತ್ತವರು ಕೇಳ್ತಾರಂತ, ಇದ್ದವರು ಸಾಯಬೇಕಂತ!”

ಕರ್ಫ್ಯೂ ಸಡಿಲಿಸಿದಾಗ ಶಾಮಲಾ ಗೊಣಗುತ್ತಲೇ ಬೇಗಂ ಬಜಾರಿನಿಂದ ಹೊಸ ಬೀಜ ತಂದಳು. ಈ ಸಲ ಕೃಷ್ಣಾಬಾಯಿ ಒಂದೊಂದೇ ನಾಲಿಗೆ ಕಿತ್ತಿಟ್ಟು, ಬೀಜ ಬೇಯಿಸಿ ಒಣಗಿಸಿ, ತುಂಬಿದ ತಾಟನ್ನು ಕಣ್ಣೆದುರಿಗೇ ಇಟ್ಟುಕೊಂಡು ಕೂತಳು. ಪಡಸಾಲೆ ಸುಮ್ಮನಿತ್ತು. ಬಿಸಿಲು ಹೊಸ್ತಿಲು ದಾಟಿತು. ಕೂಗು ಬರಲಿಲ್ಲ.

“ಇನ್ನೇನ ಮುಹೂರ್ತ ನೋಡ್ತಿ, ಮೌಶಿ?”

ಆಗ ಒಳಕೋಣೆಯಿಂದ, ಮಂದಾಕಿನಿಯ ಹಾಸಿಗೆಯಿಂದ, ಒಂದಿಷ್ಟೂ ತೊದಲದೆ ಬಂತು: “ನಾಲಿಗಿ ತಗದಿ ಏನ?”

“ಅವ್ವಾ ಮಾತಾಡಿದ್ಲು!” ಶಾಮಲಾ ಅಳುತ್ತ ನಗುತ್ತ ಒಳಗೆ ಓಡಿದಳು.

ಅದು ಯಾರ ದನಿಯೆಂದು ಕೃಷ್ಣಾಬಾಯಿಗೆ ಗೊತ್ತಿತ್ತು. ಸೆರಗು ತಲೆಯ ಮೇಲೆಳೆದುಕೊಂಡಳು.

“ತಗದೀನ್ರಿ,” ಎಂದು ಕುಟ್ಟತೊಡಗಿದಳು.