ಅಮ್ಮನ ಕಾಲುಚೀಲ

"ಇಲ್ಲೇ ಕೂರಿಸ್ತಿದ್ರು," ಎಂದು ಗೈಡ್ ಎರ್ಮಾನ್ನೊ ಟಾರ್ಚಿನ ಬೆಳಕನ್ನು ಗೋಡೆಯಲ್ಲಿ ಕೊರೆದಿದ್ದ ಕಲ್ಲಿನ ಪೀಠದ ಮೇಲೆ ಬಿಟ್ಟ. "ಸತ್ತೋರನ್ನ. ಬಟ್ಟೆ ಎಲ್ಲ ತೆಗೆದು, ಬರಿಮೈಲಿ. ನಡುವೆ ಈ ತೂತು ಇದೆಯಲ್ಲ, ಇದರ ಕೆಳಗೊಂದು ಬೋಗುಣಿ. ಮೈಲಿರೋ ನೀರೆಲ್ಲ ಸೋರಿ ಅದರೊಳಗೆ ಬೀಳ್ಬೇಕು. ಪೂರ್ತಿ ಒಣಗಿದ ಮೇಲೆ ಮೂಳೆ ತೊಳೆದು ಒಳಗಿಡೋದು. ಇವತ್ತಿಗೂ ನಮ್ಮ ನಾಪೊಲಿ ಊರಲ್ಲಿ ಸಿಟ್ಟು ಬಂದ್ರೆ ಏನಂತ ಬೈತೀವಿ ಗೊತ್ತಾ? 'ಸೋರಿ ಹೋಗ ನೀನು!' ಅಂತ." ಸ್ವಲ್ಪ ತಡೆದ. "ಮದುವೆ ಆದೋರಿಗೆ ಬೋಗುಣಿ ಬೇಕಾಗ್ತಿರ್ಲಿಲ್ಲ. ಹೆಂಡ್ತೀರು ಮೊದಲೇ ಒಣಗಿಸಿ ಕಳಿಸಿರ್ತಿದ್ರು."

ಉತ್ತರದ ಟೊರಿನೊದಿಂದ ಪ್ರವಾಸ ಬಂದಿದ್ದ ನಿವೃತ್ತರ ಗುಂಪು ನಕ್ಕಿತು. ಚರ್ಚಿನ ಅಡಿಯ ಈ ನೆಲಮಾಳಿಗೆಯಲ್ಲಿ ಜನ ನಗುತ್ತಿದ್ದದ್ದು ಈ ಒಂದೇ ಕಡೆ. ಎಲ್ಲಿ ತಡೆಯಬೇಕು, ಟಾರ್ಚು ಯಾವಾಗ ಆರಿಸಬೇಕು ಎಂಬುದೆಲ್ಲ ಎರ್ಮಾನ್ನೊಗೆ ಬಾಯಿಪಾಠವಾಗಿತ್ತು. ಇವತ್ತಾದರೂ ಎಲ್ಲಾದರೂ ತಪ್ಪಬಹುದು ಎಂದುಕೊಂಡಿದ್ದ. ತಪ್ಪಲಿಲ್ಲ.

ಒತ್ತಾವಿಯಾ ಎಂಬ ಮಾಜಿ ಟೀಚರು ಹಿಂದಿನಿಂದ ಕೈಯೆತ್ತಿದಳು. ಬೆಳಗಿನಿಂದ ಎಲ್ಲ ಪ್ರಶ್ನೆಯೂ ಅವಳದೇ.

"ಈಗಲೂ ನಿಮ್ಮ ಕಡೆ ಹೂತವರನ್ನ ಮತ್ತೆ ಮೇಲೆ ತೆಗೀತಾರಂತಲ್ಲ? ಮನೆಯವರೇ ನಿಂತು ಮೂಳೆ ತೊಳೀತಾರಂತೆ?"

"ಯಾರು ಹೇಳಿದ್ರು ಸಿನ್ಯೋರಾ? ಅದೆಲ್ಲ ಅಜ್ಜೀರ ಕಾಲಕ್ಕೇ ಮುಗೀತು. ಮೆಟ್ಟಿಲು ಜಾರುತ್ತೆ, ನೋಡ್ಕೊಂಡು ಬನ್ನಿ."

ಮೇಲೆ ಬಂದ ಕೂಡಲೇ ಫೋನಿಗೆ ಜೀವ ಬಂತು. ಅಕ್ಕ ತಿತಿನಾಳ ಕರೆಗಳು ಸಾಲಾಗಿ ಬಿದ್ದಿದ್ದವು. ಅವನು ತಿರುಗಿ ಫೋನ್ ಮಾಡಿದ.

"ಎಲ್ಲಿ ಸತ್ತಿದ್ಯೋ?" ಎಂದಳು ಅವಳು.

"ಕೆಲಸ ಇದೆ ಅಂತ ಹೇಳಿದ್ನಲ್ಲ. ಹನ್ನೆರಡಕ್ಕೆ ಅಂದಿದ್ರು."

"ಹನ್ನೆರಡು ಅಂದ್ರೆ ಹತ್ತೂ ಆಗುತ್ತೆ, ಎರಡೂ ಆಗುತ್ತೆ. ನೀನೇನು ಈ ಊರಲ್ಲಿ ಹುಟ್ಟಿಲ್ವಾ? ಡೊನ್ ಕಾರ್ಮಿನೆ ಗುದ್ದಲಿ ಹಾಕಿ ಆಯ್ತು. ಬರ್ತೀಯೋ, ನಾನೊಬ್ಳೇ ತೆಗೆಸ್ಲೋ?"

"ಬಿಸಿಲಲ್ಲಿ ನಿಂತ್ಕೋಬೇಡ."

"ನಿಂತಿಲ್ಲ. ಪಕ್ಕದೋರ ಗೋರಿ ಮೇಲೆ ಕೂತಿದ್ದೀನಿ. ಅವರೇನೂ ಅಂದಿಲ್ಲ."

ತಾಯಿಯನ್ನು ಮಣ್ಣು ಮಾಡಿ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಮಣ್ಣು ತನ್ನ ಕೆಲಸ ಮುಗಿಸಬೇಕು. ಆಮೇಲೆ ಮೂಳೆಗಳನ್ನು ತೊಳೆದು, ಬಿಳಿ ದುಪ್ಪಟಿಯಲ್ಲಿ ಸುತ್ತಿ, ಗೋಡೆಯ ಗೂಡಿನಲ್ಲಿ ತಂದೆಯ ಪಕ್ಕ ಇಡಬೇಕು. ಅಲ್ಲಿಗೆ ಸಾವು ಮುಗಿದಂತೆ. ತೊಳೆಯುವುದು ಮಗಳ ಪಾಲಿನ ಕೆಲಸ. ತಾಯಿ ಸತ್ತ ದಿನ ತಿತಿನಾ ಕ್ಯಾನ್ಸರಿಗೆ ಹೊಟ್ಟೆ ಕೊಯ್ಯಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು. ಕೊನೆಗೊಂದು ಸಲ ಮುಖ ಕೂಡ ನೋಡಿರಲಿಲ್ಲ. ಈಗ ಅದೇ ರೋಗ ಲಿವರಿಗೆ ಹಬ್ಬಿತ್ತು. ಜೂನ್ ಬಂತೆಂದರೆ ಸೆಕೆಗೆ ಹೆದರಿ ಸ್ಮಶಾನದವರು ಗುಂಡಿ ತೆರೆಯುವುದನ್ನು ನಿಲ್ಲಿಸುತ್ತಾರೆ, ಮತ್ತೆ ಅಕ್ಟೋಬರಿನಲ್ಲೇ. ಡಾಕ್ಟರು ಅಕ್ಟೋಬರಿನ ಮಾತು ಎತ್ತುತ್ತಿರಲಿಲ್ಲ. ಇದು ಮೇ ತಿಂಗಳ ಕೊನೆಯ ವಾರ.

ಎರ್ಮಾನ್ನೊ ಬೆಳಗಿನ ಗುಂಪನ್ನು ಬೇರೆ ಗೈಡಿಗೆ ಬಿಟ್ಟುಕೊಡಬಹುದಿತ್ತು. ಕೊಟ್ಟಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆಯುವ ಹೊತ್ತಿಗೆ ತಾನು ಅಲ್ಲಿರದಿದ್ದರೆ ಸಾಕು ಎಂದುಕೊಂಡಿದ್ದ.

ಜೋಡಿ ಮೆಟ್ಟಿಲಿನ ಅರಮನೆಯ ಅಂಗಳದಲ್ಲಿ ಅವನು ಮೂರು ಮಾತು ಹೇಳಿ, ಗುಂಪಿಗೆ ಗುರುತಾಗಿ ಛತ್ರಿ ಎತ್ತಿ ಹೊರಟುಬಿಟ್ಟ.

"ಇಷ್ಟು ಬೇಗ?" ಎಂದಳು ಒತ್ತಾವಿಯಾ.

"ಕಟ್ಟಿಸಿದೋನು ಈ ಮೆಟ್ಟಿಲನ್ನ ಕುದುರೆ ಮೇಲೇ ಹತ್ತಿ ಹೋಗ್ತಿದ್ದನಂತೆ ಸಿನ್ಯೋರಾ. ಅವನಿಗೂ ಬೇಗ ಮುಗೀತಿತ್ತು."

ಮೀನಿನ ಅಂಗಡಿಗಳ ಬೀದಿಯಲ್ಲಿ ಗುಂಪು ಉದ್ದಕ್ಕೆ ಎಳೆದುಕೊಂಡಿತು. ಯಾರೋ ನಿಂತು ಆಕ್ಟೋಪಸ್ಸಿನ ಫೋಟೊ ತೆಗೆದರು. ಅವರು ಮುಗಿಸುವ ತನಕ ಎರ್ಮಾನ್ನೊ ಹಲ್ಲು ಕಚ್ಚಿ ನಿಂತ. ಮಹಾಚರ್ಚಿನ ಬಾಗಿಲು ಮುಟ್ಟುವಾಗ ಒತ್ತಾವಿಯಾ ಮತ್ತೆ ಪಕ್ಕಕ್ಕೆ ಬಂದಿದ್ದಳು.

"ಇಲ್ಲಿ ಸೀಸೆಲಿಟ್ಟಿರೋ ಸಂತನ ಒಣರಕ್ತ ಕರಗಿ ನೀರಾಗೋದು ನಿಜವಾ?"

"ಆಗುತ್ತೆ. ನಾವು ಕೇಳ್ದಾಗಲ್ಲ, ಅವನಿಗೆ ಮನಸ್ಸು ಬಂದಾಗ." ಅವನು ಛತ್ರಿ ಮಡಚಿದ. "ಒಳಗೆ ಹೋದ್ರೆ ಬಲಗಡೆ ಇದೆ. ನಾನು ಇಲ್ಲಿಂದ ಹೋಗ್ಬೇಕು. ತಾಯಿ ಕಾಯ್ತಿದಾರೆ."

"ತಾಯಿ ಇದಾರಾ ಇನ್ನೂ?" ಅವಳ ಮುಖ ಮೆತ್ತಗಾಯಿತು. "ಪುಣ್ಯವಂತ. ಹೋಗಪ್ಪ, ಹೋಗು."

ಸ್ಕೂಟರು ಗುಡ್ಡ ಹತ್ತಿ ಸ್ಮಶಾನ ಸೇರಿದಾಗ ಪೆಟ್ಟಿಗೆ ಆಗಲೇ ಮೇಲೆ ಬಂದಿತ್ತು. ಎರಡು ಹಲಗೆಗಳ ಮೇಲೆ ಮಣ್ಣು ಮೆತ್ತಿಕೊಂಡು ಕೂತಿತ್ತು. ಗೋರಿ ಅಗೆಯುವ ಡೊನ್ ಕಾರ್ಮಿನೆ ಗುಂಡಿಯ ಅಂಚಿನಲ್ಲಿ ಸಿಗರೇಟು ಸೇದುತ್ತಿದ್ದ.

"ಬಂದ್ರಪ್ಪ ಪ್ರೊಫೆಸರು. ಇನ್ನೊಂದು ಸಿಗರೇಟು ಮುಗಿದಿದ್ರೆ ನಾನೇ ಒಳಗೆ ಮಲಗ್ತಿದ್ದೆ."

ತಿತಿನಾ ಎದ್ದು ನಿಂತಳು. ತಲೆಗೆ ಬಟ್ಟೆ ಕಟ್ಟಿದ್ದಳು. ಕರಿ ಕೋಟಿನ ತೋಳಿನೊಳಗೆ ಮಣಿಕಟ್ಟು ಕಡ್ಡಿಯಂತೆ ಅಲ್ಲಾಡುತ್ತಿತ್ತು. ಕಾಲ ಬಳಿ ಬಟ್ಟೆಯ ಚೀಲ. ಅದರಲ್ಲಿ ಸ್ಪಿರಿಟ್ಟಿನ ಸೀಸೆ, ಹೊಸ ಬ್ರಶ್ಶು, ನುಸಿಗುಳಿಗೆ, ಅವಳೇ ಚಳಿಗಾಲವೆಲ್ಲ ಕೂತು ಕಸೂತಿ ಹಾಕಿದ ದುಪ್ಪಟಿ.

"ನೀನು ಬರ್ದೆ ಮುಚ್ಚಳ ತೆಗೀಬೇಡಿ ಅಂದೆ," ಎಂದಳು. "ಅವತ್ತು ಹೊತ್ತಿದ್ದು ನೀನೊಬ್ನೇ. ಭಾರ ಇಳಿಸುವಾಗ ಇಬ್ರೂ ಇರೋಣ ಅಂತ."

ಡೊನ್ ಕಾರ್ಮಿನೆ ಮುಚ್ಚಳದ ಸಂದಿಗೆ ಕಬ್ಬಿಣದ ಸಲಾಕೆ ತೂರಿಸಿ ಮೀಟಿದ. ಕೊಳೆತ ಮರ ಸದ್ದಿಲ್ಲದೆ ಬಿಟ್ಟುಕೊಂಡಿತು. ವಾಸನೆ ಬಂತು. ಒಣ ಮಣ್ಣಿನ ವಾಸನೆಯಲ್ಲ, ಇನ್ನೊಂದು. ಡೊನ್ ಕಾರ್ಮಿನೆ ಬಗ್ಗಿ ನೋಡಿ, ಸಿಗರೇಟನ್ನು ಬಾಯಿಂದ ತೆಗೆದು ಹೊಸಕಿ ಹಾಕಿದ.

ತಲೆ ಮತ್ತು ಭುಜದ ಕಡೆ ಆಗಬೇಕಾದದ್ದು ಆಗಿತ್ತು. ಸೊಂಟದಿಂದ ಕೆಳಗೆ ಆಸ್ಪತ್ರೆಯಲ್ಲಿ ಹಾಸುವಂಥ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿದ ಹಾಗೇ ಇತ್ತು. ಅದರೊಳಗೆ ಕಂದು ಬಣ್ಣದ ಕಾಲುಚೀಲ. ಅದರಲ್ಲಿ ಕಾಲುಗಳು ಕರಗದೆ ಇನ್ನೂ ತುಂಬಿಕೊಂಡಿದ್ದವು.

"ನೈಲಾನು," ಎಂದ ಡೊನ್ ಕಾರ್ಮಿನೆ. "ಮೇಲೊಂದು ಪ್ಲಾಸ್ಟಿಕ್ಕು. ಯಾರ್ರೀ ಹೀಗೆ ಕಟ್ಟಿ ಕಳಿಸಿದ್ದು? ಮಣ್ಣು ತಿನ್ನೋದಾದ್ರೂ ಹ್ಯಾಗೆ?"

ತಾಯಿ ಇಸ್ತ್ರಿ ಅಂಗಡಿಯಲ್ಲಿ ಜೀವಮಾನವಿಡೀ ನಿಂತವಳು. ಕಾಲಿನ ನರಗಳು ಹಗ್ಗದಂತೆ ಗಂಟುಗಂಟಾಗಿದ್ದವು. ಆಗಸ್ಟಿನ ಸೆಕೆಯಲ್ಲೂ ದಪ್ಪ ಕಾಲುಚೀಲ ಬಿಚ್ಚುತ್ತಿರಲಿಲ್ಲ. ಗಂಡನೂ ನೋಡಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಶವದ ಪೆಟ್ಟಿಗೆಯವರು ಬಂದು ಎಲ್ಲ ತೆಗೆದು ಹತ್ತಿಬಟ್ಟೆ ಉಡಿಸೋಣವೇ ಎಂದು ಕೇಳಿದಾಗ ಎರ್ಮಾನ್ನೊ ಬಾಗಿಲಿಗೆ ಅಡ್ಡ ನಿಂತಿದ್ದ. ಮುಟ್ಟಬೇಡಿ, ಹಾಗೇ ಮುಚ್ಚಿ ಎಂದಿದ್ದ. ಆ ವಾರವೂ ಅವನು ಕಲ್ಲಿನ ಪೀಠದ ಮುಂದೆ ನಿಂತು, ಬಟ್ಟೆ ಎಲ್ಲ ತೆಗೆದು ಬರಿಮೈಲಿ ಎಂದು ಜನರಿಗೆ ಹೇಳಿದ್ದ.

ಅವನು ಬಾಯಿ ತೆರೆಯುವಷ್ಟರಲ್ಲಿ ತಿತಿನಾ ಅಂದಳು, "ನಾನೇ ಹೇಳಿದ್ದು. ಆಸ್ಪತ್ರೆಯಿಂದ ಫೋನ್ ಮಾಡಿ. ಕಾಲುಚೀಲ ತೆಗೀಬೇಡ ಅಂತ."

ಅಂಥ ಫೋನು ಬಂದಿರಲಿಲ್ಲ. ಅವಳು ಅವನ ಕಡೆ ನೋಡಲೂ ಇಲ್ಲ.

"ಮೇಲಿನದಾದ್ರೂ ಕೊಡ್ತೀರಾ ಡೊನ್ ಕಾರ್ಮಿ?" ಎಂದಳು. "ತಲೆ, ಕೈ. ತೊಳೆದು ಇಡ್ತೀನಿ. ಉಳಿದದ್ದು ಆಮೇಲೆ ನೋಡಿದ್ರಾಯ್ತು."

"ದೊನ್ನಾ ತಿತಿ, ಇವರೇನು ಕೋಳಿನಾ, ಅರ್ಧ ಕಡಿದು ಕೊಡೋಕೆ?" ಅಂದವನು ಅವಳ ಮುಖ ನೋಡಿ ದನಿ ಇಳಿಸಿದ. "ಆಗಲ್ಲಮ್ಮ. ತಿರುಗಿ ಮಣ್ಣಿಗೆ ಹಾಕ್ಬೇಕು. ಪ್ಲಾಸ್ಟಿಕ್ ಕಿತ್ತು, ಕಾಲುಚೀಲ ಕತ್ತರಿಸಿ ಹಾಕ್ತೀನಿ. ಅಕ್ಟೋಬರಿಗೂ ಆಗಲ್ಲ. ಬರೋ ವರ್ಷ ತೆಗೆಸಿ."

"ಬರೋ ವರ್ಷ," ಎಂದಳು ತಿತಿನಾ.

ಡೊನ್ ಕಾರ್ಮಿನೆ ಜೇಬಿನಿಂದ ಚಾಕು ತೆಗೆದು ಬಿಚ್ಚಿದ. ಅವಳು ಕೈ ಚಾಚಿದಳು.

"ಇಲ್ಲಿ ಕೊಡಿ. ಇಬ್ರೂ ಆ ಕಡೆ ತಿರುಗಿ."

"ವಾಸನೆಗೆ ನಿಮಗೆ..."

"ನನ್ನ ಹೊಟ್ಟೆಯೊಳಗೆ ಇದಕ್ಕಿಂತ ಕೆಟ್ಟದ್ದಿದೆ. ತಿರುಗಿ ಅಂದ್ನಲ್ಲ. ಅಮ್ಮನ ಕಾಲು ಯಾರೂ ನೋಡೋ ಹಾಗಿಲ್ಲ."

ಇಬ್ಬರು ಗಂಡಸರೂ ಗುಡ್ಡದ ಕೆಳಗಿನ ರೈಲುಹಳಿಗಳ ಕಡೆ ಮುಖ ಮಾಡಿ ನಿಂತರು. ಬೆನ್ನ ಹಿಂದೆ ಪ್ಲಾಸ್ಟಿಕ್ ಹರಿದ ಸದ್ದು. ಆಮೇಲೆ ನೈಲಾನು ನಿಧಾನವಾಗಿ ಕೊಯ್ದುಕೊಂಡು ಬರುವ ಸದ್ದು. ನಡುವೆ ನಿಂತು ಉಸಿರು ತಗೊಂಡು ಮತ್ತೆ ಶುರುವಾಗುತ್ತಿತ್ತು. ತಿತಿನಾ ಏನೋ ಮಾತಾಡುತ್ತಿದ್ದಳು. ಮಗುವಿಗೆ ಸ್ನಾನ ಮಾಡಿಸುವಾಗ ಗದರುವ ದನಿ. ಮಾತು ಕೇಳಿಸಲಿಲ್ಲ. ಡೊನ್ ಕಾರ್ಮಿನೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮಣ್ಣು ಮುಚ್ಚಿ ಆದ ಮೇಲೆ ಅವಳು ಸ್ಪಿರಿಟ್ಟಿನಲ್ಲಿ ಕೈ ತೊಳೆದುಕೊಂಡು, ಸೀಸೆಯ ಬಿರಡೆ ಬಿಗಿ ಮಾಡಿ ಬಟ್ಟೆಯ ಚೀಲಕ್ಕಿಟ್ಟಳು. ಇಬ್ಬರೂ ಗೇಟಿನ ತನಕ ನಡೆದರು. ಅಲ್ಲಿ ಚೀಲವನ್ನು ಅವನ ಹೆಗಲಿಗೆ ನೇತುಹಾಕಿದಳು.

"ನಿನ್ನ ಹತ್ರ ಇರ್ಲಿ."

"ನಿನ್ನ ಮನೇಲೇ ಇಟ್ಕೋ. ಬರೋ ವರ್ಷ ಒಟ್ಟಿಗೇ..."

"ಟೂರಿಸ್ಟ್‌ಗಳ ಹತ್ರ ಆಡೋ ಸುಳ್ಳು ನನ್ನ ಹತ್ರ ಬೇಡ." ಅವಳು ಗೇಟಿನ ಸರಳು ಹಿಡಿದು ನಿಂತಳು. "ಮೊದಲು ತಲೆ. ಆಮೇಲೆ ಕೈ. ಕಾಲು ಕೊನೆಗೆ. ಬ್ರಶ್ಶು ಜೋರಾಗಿ ಉಜ್ಜಬೇಡ, ಮೂಳೆ ಪುಡಿಯಾಗುತ್ತೆ. ನೆನಪಿರುತ್ತಾ?"

"ಇರುತ್ತೆ."

"ದುಪ್ಪಟೀಲಿ ಹೂವಿರೋ ಕಡೆ ಮುಖಕ್ಕೆ ಬರ್ಬೇಕು."

ಅವಳನ್ನು ಮನೆಗೆ ಬಿಟ್ಟು, ಮೆಟ್ಟಿಲು ಹತ್ತಿಸಿ, ಮಂಚದ ಮೇಲೆ ಮಲಗಿಸಿ ಅವನು ಸಂಜೆಯ ಗುಂಪಿಗೆ ಬಂದ. ಚೀಲ ಸ್ಕೂಟರಿನಲ್ಲಿ ಬಿಡಲು ಮನಸ್ಸಾಗಲಿಲ್ಲ. ಹೆಗಲಿಗೆ ಹಾಕಿಕೊಂಡೇ ನೆಲಮಾಳಿಗೆಗೆ ಇಳಿದ. ಕೆಳಗಿನ ತಣ್ಣನೆಯ ಗಾಳಿಯಲ್ಲಿ ನುಸಿಗುಳಿಗೆಯ ಘಾಟು ಹರಡಿಕೊಂಡಿತು. ಗುಂಪಿನಲ್ಲಿ ಯಾರೋ ಮೂಗು ಎಳೆದರು.

"ಇಲ್ಲೇ ಕೂರಿಸ್ತಿದ್ರು," ಎಂದು ಎರ್ಮಾನ್ನೊ ಟಾರ್ಚು ಎತ್ತಿದ. "ಸತ್ತೋರನ್ನ."

ಜನ ಕಾದರು. ಬೆಳಕು ಪೀಠದ ತೂತಿನ ಮೇಲೆ ಬಿದ್ದು ಅಲ್ಲೇ ನಿಂತಿತ್ತು. ಅವನು ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದ. ಒಳಗೆ ಸೀಸೆ ಬ್ರಶ್ಶಿನ ಹಿಡಿಗೆ ತಾಗಿ ಸಣ್ಣಗೆ ಸದ್ದಾಯಿತು.